ದಪ್ಪಕ್ಷರದ ಕಾಕಾ

ಗೋಕಾಕದಿಂದ ಹುಕ್ಕೇರಿಗೆ ಹೋಗುವ ಬಸ್ಸಿನಲ್ಲಿ ನಾನು ಕಿಟಕಿಯ ಪಕ್ಕ ಕೂಡುವುದನ್ನು ಬಿಟ್ಟು ಬಹಳ ದಿನವಾಯಿತು. ಕೂತರೆ ಒಂದು ಕಡೆ ಕಾಕಾ ಬರೆದ ಗೋಡೆ ಕಾಣುತ್ತದೆ, ಇನ್ನೊಂದು ಕಡೆ ನಾನು ಪ್ರಿಂಟು ಹಾಕಿದ ಫ್ಲೆಕ್ಸು. ಗೋಡೆಯ ಬಣ್ಣ ಮಾಸಿದೆ, ಫ್ಲೆಕ್ಸು ಗಾಳಿಗೆ ಹರಿದಿದೆ, ಅಕ್ಷರ ಮಾತ್ರ ಎರಡರಲ್ಲೂ ಒಂದೇ. ಯಾರು ಯಾರದನ್ನು ನೋಡಿ ಬರೆದರು ಅನ್ನುವುದು ನೋಡಿದವರಿಗೆ ತಿಳಿಯುವುದಿಲ್ಲ. ನನಗೆ ತಿಳಿದಿದೆ. ಕಾಕಾ ತೀರಿಕೊಂಡು ಎರಡು ತಿಂಗಳಾದ ಮೇಲೆ ಅದನ್ನು ಬರೆಯಲು ಕೂತಿದ್ದೇನೆ. ಅವರು ಇದ್ದಾಗಲೇ ಬರೆಯಬೇಕಿತ್ತು ಎಂದು ಯಾರಾದರೂ ಅಂದರೆ ಹೌದು ಅನ್ನುತ್ತೇನೆ.

ನನ್ನದು ಗೋಕಾಕದಲ್ಲಿ ಒಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆಯಿಂದ ಹಿಡಿದು ಹುಟ್ಟುಹಬ್ಬದ ಫ್ಲೆಕ್ಸಿನವರೆಗೆ ಎಲ್ಲ ಆಗುತ್ತದೆ. ಕಾಕಾ ಹುಕ್ಕೇರಿಯವರು, ಬೋರ್ಡು ಬರೆಯುವ ಪೇಂಟರು. ನನ್ನಂಥವರ ಅಂಗಡಿಗಳು ಬರುವ ಮೊದಲು ಹುಕ್ಕೇರಿ, ಗೋಕಾಕ, ಮೂಡಲಗಿ ಈ ಮೂರೂ ಕಡೆ ಅಂಗಡಿ ತೆರೆಯುವವರು ಜಾಗ ಹಿಡಿದ ಮರುದಿನ ಅವರನ್ನು ಹುಡುಕುತ್ತಿದ್ದರು. ಮೂರು ಊರಿನವರೂ ಅವರನ್ನು ಕಾಕಾ ಎಂದೇ ಕರೆದದ್ದರಿಂದ ಹೆಸರು ಗೊತ್ತಿದ್ದವರು ಕಡಿಮೆ. ಬೇರೆ ಪೇಂಟರುಗಳು ಬೋರ್ಡಿನ ಮೂಲೆಯಲ್ಲಿ ಸಣ್ಣದಾಗಿ ತಮ್ಮ ಹೆಸರು ಹಾಕುತ್ತಾರೆ. ಇವರು ಎಲ್ಲೂ ಹಾಕಲಿಲ್ಲ. ಕೇಳಿದರೆ, "ಗೋಡಿ ಅವರ್ದು, ಅಂಗಡಿ ಅವರ್ದು. ನಡುವ ನನ್ನ ಹೆಸರ ಯಾಕ್ರಿ?" ಅನ್ನುತ್ತಿದ್ದರು. ಅವರೇ ಹಾಕದ ಹೆಸರನ್ನು ನಾನೂ ಇಲ್ಲಿ ಹಾಕುತ್ತಿಲ್ಲ. ಇದೂ ನನ್ನ ಒಂದು ನೆಪವೇ ಇರಬಹುದು.

ಎತ್ತರದ ಆಳು, ತೆಳ್ಳಗೆ. ಬಿಳಿ ಪೈಜಾಮದ ಮೇಲೆ ಅವರು ಆ ವರ್ಷ ಬರೆದ ಬೋರ್ಡುಗಳ ಎಲ್ಲ ಬಣ್ಣವೂ ಇರುತ್ತಿತ್ತು. ಹಳೆಯ ಮೊಪೆಡ್ಡಿನ ಎರಡು ಕಡೆ ಹಾಲಿನ ಕ್ಯಾನು ತೂಗುಹಾಕುವ ಜಾಗದಲ್ಲಿ ಬಣ್ಣದ ಡಬ್ಬಿ, ಕಿವಿಯಲ್ಲಿ ಪೆನ್ಸಿಲ್ಲು, ಜೇಬಿನಲ್ಲಿ ಬಡೇಸೋಪು. ಮಾತು ಕಡಿಮೆ ಅಂತಲ್ಲ. ಆದರೆ ಕುಂಚ ಕೈಯಲ್ಲಿದ್ದಾಗ ಬಡೇಸೋಪು ಅಗಿಯುತ್ತಿದ್ದರಿಂದ ಏನು ಕೇಳಿದರೂ 'ಹ್ಞೂಂ' ಒಂದೇ ಉತ್ತರ. ಡೇರಿಯವನೊಬ್ಬ ಇದನ್ನು ತಿಳಿದುಕೊಂಡು, ಅವರು ಬರೆಯುವಾಗಲೇ ಬಂದು, "ಕಾಕಾ, ಕೆಳಗ ಒಂದ ಆಕಳಾ ಬರೀತೀರಲ್ಲ?" ಎಂದು ಕೇಳಿ ಹ್ಞೂಂ ಅನ್ನಿಸಿಕೊಂಡಿದ್ದನಂತೆ. ಕಾಕಾನಿಗೆ ಚಿತ್ರ ಬಾರದು. ಆ ಡೇರಿಯ ಆಕಳು ಇವತ್ತಿಗೂ ಕತ್ತೆಯ ಹಾಗೆ ನಿಂತಿದೆ, ಅದರ ಮೇಲಿನ ಅಕ್ಷರ ಮಾತ್ರ ಅರ್ಧ ಮೈಲಿಯಿಂದ ಓದಲು ಬರುತ್ತದೆ.

ದೂರದಿಂದ ಓದಲು ಬರಬೇಕು, ಇದು ಅವರ ಒಂದೇ ಹಟ. ಒಂದು ಅಕ್ಷರ ಬರೆದ ಕೂಡಲೇ ಕುಂಚ ಹಿಡಿದುಕೊಂಡೇ ಹಿಂದೆ ಹಿಂದೆ ಹೆಜ್ಜೆ ಹಾಕುತ್ತಿದ್ದರು, ರಸ್ತೆ ದಾಟಿ ಆಚೆ ಬದಿಯವರೆಗೆ. ಒಂದು ಕಣ್ಣು ಮುಚ್ಚಿ ನೋಡಬೇಕು, ಮತ್ತೆ ಬಂದು ತಿದ್ದಬೇಕು. ಕಬ್ಬಿನ ಟ್ರ್ಯಾಕ್ಟರಿನವರು ಹಾರ್ನು ಹೊಡೆದು ಹೊಡೆದು ಸಾಕಾಗಿ ಬದಿಯಿಂದ ಹೋಗುತ್ತಿದ್ದರು. ಒಮ್ಮೆ ಗೋಕಾಕದ ಪೇಟೆಯಲ್ಲಿ ಹೀಗೆ ಹಿಂದಕ್ಕೆ ಹೋಗುತ್ತ ಹೋಗುತ್ತ ಕರದಂಟಿನ ಅಂಗಡಿಯ ಮುಂದೆ ಮಿಠಾಯಿ ಆರಲು ಇಟ್ಟ ಅಗಲವಾದ ಪರಾತದಲ್ಲಿ ಕೂತೇಬಿಟ್ಟರು. ಅಂಗಡಿಯವರು ಬಯ್ಯಲು ಬಾಯಿ ತೆರೆಯುವಷ್ಟರಲ್ಲಿ ಇವರು ಕೂತಲ್ಲಿಂದಲೇ ಎದುರಿನ ಬೋರ್ಡು ನೋಡಿ, "ಇಲ್ಲಿಂದನೂ ಓದಾಕ ಬರ್ತೈತ್ರಿ" ಅಂದರಂತೆ.

ಟ್ರ್ಯಾಕ್ಟರಿನ ಟ್ರೇಲರುಗಳ ಹಿಂದೆ ಶಾಯರಿ ಬರೆಯಲು ಒಪ್ಪುತ್ತಿರಲಿಲ್ಲ. ಮಾಲಕನ ಹೆಸರು, ಊರು, ಅಷ್ಟೇ, ಅದೂ ಮೊಳದುದ್ದ. "ಡಿಕ್ಕಿ ಹೊಡದ್ ಓಡಿ ಹೋದ್ರ ಬಿದ್ದಾಂವಗ ಹೆಸರ ಓದಾಕರ ಬರಬೇಕಲ್ರಿ" ಎಂದು ಮಾಲಕರ ಎದುರೇ ಹೇಳುತ್ತಿದ್ದರು. ಯಾರಾದರೂ ಬಂದು ನಿಮ್ಮ ಅಕ್ಷರ ಬಹಳ ಚಂದ ಅಂದರೆ ಅವರ ಮುಖ ಸಣ್ಣದಾಗುತ್ತಿತ್ತು. "ಅಕ್ಷರ ನೋಡಿ ನಿಂತ ಅಂದ್ರ ಅಂಗಡ್ಯಾಗ ಹೋಗಲಿಲ್ಲ ಅಂತ ಅರ್ಥ" ಅನ್ನುತ್ತಿದ್ದರು.

ನಾನು ಅವರ ಅಕ್ಷರವನ್ನು ಮೊದಲು ನೋಡಿದ್ದು ಪಿಯುಸಿ ಮುಗಿಸಿ ಗೋಕಾಕದ ಒಂದು ಕಂಪ್ಯೂಟರ್ ಕ್ಲಾಸಿಗೆ ಸೇರಿದಾಗ. ಅರಭಾವಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದೆ. ಆಗ ಊರಲ್ಲಿ ಕಂಪ್ಯೂಟರ್ ಅಂದರೆ ಚಪ್ಪಲಿ ಬಿಟ್ಟು ಒಳಗೆ ಹೋಗುವ ವಸ್ತು. ಕ್ಲಾಸಿನ ಬಾಗಿಲ ಮೇಲೆ ನೀಲಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರದಲ್ಲಿ 'ಕಂಪ್ಯೂಟರ್ ತರಬೇತಿ' ಎಂದು ಬರೆದಿತ್ತು. ಅಂಥ ಕನ್ನಡವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಬಳುಕಿಲ್ಲ, ಬಾಲವಿಲ್ಲ, ತಲೆಕಟ್ಟು ಅಂದರೆ ಪಟ್ಟಿ ಇಟ್ಟು ಎಳೆದ ಒಂದು ಅಡ್ಡಗೆರೆ. ಅದರ ಕೆಳಗೆ ಅಚ್ಚುಕಟ್ಟಾದ ಗುಂಡು. ಎಲ್ಲ ಕಡೆ ಒಂದೇ ದಪ್ಪ. ಇನ್ನೂ ಐವತ್ತು ವರ್ಷ ಕಳೆದ ಮೇಲೆ ಜನ ಬರೆಯುವ ಕನ್ನಡವನ್ನು ಯಾರೋ ಇವತ್ತೇ ತಂದು ಬಾಗಿಲಿಗೆ ಹಚ್ಚಿದ್ದಾರೆ ಅನ್ನಿಸಿತ್ತು.

ಅದರ ಕಥೆಯನ್ನು ಅವರೇ ಮುಂದೆ ನನಗೆ ಹೇಳಿದರು. ಕ್ಲಾಸಿನ ಸರ್ ಬೋರ್ಡು ಬರೆಯಲು ಹೇಳಿದಾಗ ಕಾಕಾ ಕಂಪ್ಯೂಟರನ್ನೇ ನೋಡಿರಲಿಲ್ಲವಂತೆ. "ಅದು ಹ್ಯಾಂಗಿರ್ತೈತ್ರಿ ಸರ್?" ಅಂತ ಕೇಳಿದರು. ಪೆಟ್ಟಿಗೆಯಲ್ಲಿ ಬಂದದ್ದು ಇನ್ನೂ ಬಿಚ್ಚಿರಲಿಲ್ಲ. ಸರ್ ಅವಸರದಲ್ಲಿದ್ದರು. "ಮುಂದಿನ ಕಾಲದ್ದು, ಅದರಾಗ ತಪ್ಪ ಬೀಳೂದಿಲ್ಲ" ಅಂದರಂತೆ. ಕಾಕಾ ಮನೆಗೆ ಹೋಗಿ ಎರಡು ದಿನ ಇದನ್ನೇ ವಿಚಾರ ಮಾಡಿದರು. ತಪ್ಪು ಬೀಳದ ಯಂತ್ರ ಕನ್ನಡ ಬರೆದರೆ ಹೇಗೆ ಬರೆದೀತು? ಅದಕ್ಕೆ ಕೈ ನಡುಗುವುದಿಲ್ಲ, ಆದ್ದರಿಂದ ಎಲ್ಲ ಕಡೆ ಒಂದೇ ದಪ್ಪ ಬರಬೇಕು. ಅದಕ್ಕೆ ಶೃಂಗಾರದ ಹಂಬಲವಿಲ್ಲ, ಆದ್ದರಿಂದ ಬಾಲ ಬೇಡ. ಗುಂಡು ಅಂದರೆ ಗುಂಡು, ಗೆರೆ ಅಂದರೆ ಗೆರೆ. ಕೈವಾರ ಚುಚ್ಚಿದರೆ ಗೋಡೆಗೆ ತೂತು ಬೀಳುತ್ತದೆಂದು ಹೆಂಡತಿಯ ಒಂದು ಬಳೆ, ಚಹದ ಕಪ್ಪಿನ ಕೆಳಗಿಡುವ ಬಶಿ, ಊಟದ ತಾಟು ಈ ಮೂರನ್ನು ಇಟ್ಟು ಗುಂಡು ತೆಗೆದರು. ಸಣ್ಣ ಬೋರ್ಡಿಗೆ ಬಳೆ, ನಡುವಿನದಕ್ಕೆ ಬಶಿ, ಗೋಡೆಗೆ ತಾಟು. ಮುಂದೆ ಇಪ್ಪತ್ತೈದು ವರ್ಷ ಮೂರು ಊರಿನ ಎಲ್ಲ ಅಕ್ಷರವೂ ಈ ಮೂರು ಸಾಮಾನಿನಿಂದಲೇ ಹುಟ್ಟಿತು. ಅವರ ಮನೆಯಲ್ಲಿ ತಾಟು ಒಂದು ಸದಾ ಕಡಿಮೆ ಇರುತ್ತಿತ್ತೆಂದು ಕಾಕೂ, ಅಂದರೆ ಅವರ ಹೆಂಡತಿ, ಇವತ್ತಿಗೂ ಹೇಳುತ್ತಾರೆ.

ನಾನು ಅಂಗಡಿ ಹಾಕಿದ ಮೇಲೆ ಕಾಕಾನ ಕೆಲಸ ಕಡಿಮೆಯಾಯಿತು. ಅದಕ್ಕೆ ನಾನೊಬ್ಬಳೇ ಕಾರಣ ಎಂದು ಎದೆ ಬಡಿದುಕೊಳ್ಳುವುದಿಲ್ಲ, ನಾನಲ್ಲದಿದ್ದರೆ ಇನ್ನೊಬ್ಬರು ಫ್ಲೆಕ್ಸಿನ ಮಶೀನು ತರುತ್ತಿದ್ದರು. ವಿಚಿತ್ರವೆಂದರೆ ಅವರಿಗೂ ಆ ಸಿಟ್ಟು ಇರಲಿಲ್ಲ. ಗೋಕಾಕಕ್ಕೆ ಬಂದಾಗಲೆಲ್ಲ ನನ್ನ ಅಂಗಡಿಯಲ್ಲಿ ಕೂತು ಚಹ ಕುಡಿಯುತ್ತಿದ್ದರು. ಕಂಪ್ಯೂಟರಿನಲ್ಲಿ ಅಕ್ಷರ ಹಿಗ್ಗಿ ಕುಗ್ಗುವುದನ್ನು ನೋಡುವುದೆಂದರೆ ಅವರಿಗೆ ಬಲು ಖುಷಿ. ಒಮ್ಮೆ, "ಬೇಟಿ, ಇವನ್ನೆಲ್ಲಾ ಯಾರ್ ಬರೀತಾರ?" ಎಂದು ಕೇಳಿದರು. "ದೊಡ್ಡ ದೊಡ್ಡ ಕಂಪನ್ಯಾವ್ರು ಮಾಡ್ತಾರ್ರಿ ಕಾಕಾ" ಅಂದೆ. "ಭಾಳ ಕಲತಾವ್ರ ಇರಬೇಕು" ಅಂದರು. ಆಗ ನಾನು ಸುಳ್ಳು ಹೇಳಿರಲಿಲ್ಲ, ನನಗೆ ತಿಳಿದದ್ದೂ ಅಷ್ಟೇ.

ಗಿರಾಕಿಗಳು ಬಂದು, "ಕಾಕಾ ಬರೀತಾರಲ್ಲ, ಅಂಥ ದಪ್ಪಕ್ಷರ ಹಾಕ್ರಿ" ಎಂದು ಕೇಳತೊಡಗಿದರು. ನನ್ನ ಹತ್ತಿರ ಅಂಥ ಫಾಂಟು ಇರಲಿಲ್ಲ. ಯಾರ ಹತ್ತಿರವೂ ಇರಲಿಲ್ಲ. ಒಂದು ಚಳಿಗಾಲ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಫಾಂಟು ಮಾಡುವುದನ್ನು ಕಲಿತೆ. ಭಾನುವಾರ ಬಂದರೆ ಸ್ಕೂಟಿ ಹತ್ತಿ ಕಾಕಾನ ಬೋರ್ಡುಗಳ ಫೋಟೋ ತೆಗೆಯಲು ಹೊರಡುತ್ತಿದ್ದೆ. ನೋಟುಬುಕ್ಕಿನಲ್ಲಿ ವರ್ಣಮಾಲೆ ಬರೆದುಕೊಂಡು ಸಿಕ್ಕ ಅಕ್ಷರಕ್ಕೆ ಗುರುತು ಹಾಕುವುದು. 'ಘ' ಘಟಪ್ರಭೆಯ ಸ್ಟೇಶನ್ ರಸ್ತೆಯಲ್ಲಿ ಸುಲಭವಾಗಿ ಸಿಕ್ಕಿತು. 'ಢ'ಕ್ಕಾಗಿ ಸಂಕೇಶ್ವರದ ಹೆದ್ದಾರಿಯ ಢಾಬಾದವರೆಗೆ ಹೋದೆ. ಎಲ್ಲಿ ಏನಿದೆ ಎಂದು ಕಾಕಾನನ್ನೇ ಕೇಳುತ್ತಿದ್ದೆ. ಅವರಿಗೆ ತಮ್ಮ ಬೋರ್ಡು ನೋಡಲು ಒಬ್ಬಳು ಊರೂರು ತಿರುಗುತ್ತಾಳೆ ಅನ್ನುವುದೇ ದೊಡ್ಡ ಸಂತೋಷ. "ಹುಕ್ಕೇರಿ ಸಾಲಿ ಗೋಡಿ ನೋಡಿಲ್ಲೇನ? ಅದು ನನ್ನ ಕೈ ಚಲೋ ಇದ್ದಾಗಿಂದು" ಅನ್ನುತ್ತಿದ್ದರು. 'ಝ' ಎಲ್ಲೂ ಸಿಗಲಿಲ್ಲ. ಅಂಗಡಿಗೆ ಬಂದಾಗ ಕಾಗದ ಕೊಟ್ಟು ಬರೆದುಕೊಡಿ ಅಂದೆ. ಬಶಿಯಲ್ಲಿದ್ದ ಚಹ ಕುಡಿದು ಮುಗಿಸಿ, ಅದನ್ನು ಒರೆಸಿ, ಕಾಗದದ ಮೇಲೆ ಬೋರಲು ಹಾಕಿ ಗುಂಡು ತೆಗೆದರು.

"ಝ ದಿಂದ ಯಾರ್ ಹೆಸರ ಬೇಟಿ?"

"ಯಾರ್ದೂ ಇಲ್ರಿ. ಸುಮ್ನ, ನೋಡಾಕ."

ಅವತ್ತು ಹೇಳಬಹುದಿತ್ತು. ಎಲ್ಲ ಮುಗಿಸಿ, ಸ್ಕ್ರೀನಿನ ಮೇಲೆ ಅವರ ಊರಿನ ಹೆಸರನ್ನು ಅವರ ಅಕ್ಷರದಲ್ಲೇ ತೋರಿಸಿ ಬೆರಗುಗೊಳಿಸಬೇಕು ಅನ್ನುವುದು ನನ್ನ ವಿಚಾರವಾಗಿತ್ತು. ಇದನ್ನು ನಾನು ನನಗೆ ಬಹಳ ಸಲ ಹೇಳಿಕೊಂಡಿದ್ದೇನೆ, ಖರೆಯೂ ಹೌದು. ಆದರೆ ಫಾಂಟು ಮುಗಿದಾಗ ಕೊನೆಗೆ ಒಂದು ಖಾಲಿ ಜಾಗ ಬಂತು. ಮಾಡಿದವರ ಹೆಸರು ಬರೆಯಿರಿ ಎಂದು ಕೇಳುತ್ತಿತ್ತು. ಮೂರು ತಿಂಗಳು ಕಣ್ಣು ಕೆಡಿಸಿಕೊಂಡವಳು ನಾನು. ಕೈ ತಾನೇ ನನ್ನ ಹೆಸರು ಒತ್ತಿತು. ನಾಳೆ ಅವರದನ್ನೂ ಸೇರಿಸಿದರಾಯಿತು ಅಂದುಕೊಂಡೆ. ಮೂಡಲಗಿಯ ಒಬ್ಬ ಡಿಟಿಪಿಯವರಿಗೆ ನೋಡಲು ಕಳಿಸಿದೆ, ಅವರು ತಮ್ಮ ಗ್ರೂಪಿಗೆ ಹಾಕಿದರು. ಮುಂದೆ ನಾಳೆ ಬರಲೇ ಇಲ್ಲ. ಮಳೆಗಾಲ ಬರುವಷ್ಟರಲ್ಲಿ ಸೀರೆ ಅಂಗಡಿ, ಸೊಸೈಟಿ, ಕುಸ್ತಿ ಪಂದ್ಯ, ಚುನಾವಣೆ ಎಲ್ಲದರ ಮೇಲೂ ಆ ಅಕ್ಷರ. ಮಳೆಯಲ್ಲಿ ಗೋಡೆಯ ಕೆಲಸವಿಲ್ಲದೆ ಮನೆ ಬಿಟ್ಟು ಹೊರಬೀಳದ ಕಾಕಾನ ಕಣ್ಣಿಗೆ ಮಾತ್ರ ಅದು ಇನ್ನೂ ಬಿದ್ದಿರಲಿಲ್ಲ. ಏನು ಕೈಚಳಕ ನಿನ್ನದು ಅಂತ ಫೋನು ಮಾಡಿದವರಿಗೆ ನಾನು ಥ್ಯಾಂಕ್ಸ್ ಹೇಳಿದೆ.

ಹೇಳಲೇಬೇಕಾದ ದಿನವೂ ಬಂತು. ಮೂಡಲಗಿಯ ಗೊಬ್ಬರದ ಅಂಗಡಿಯ ಮಾಲಕರೊಬ್ಬರು ಬಾಗಿಲಿಗೆ ನನ್ನಿಂದ ಫ್ಲೆಕ್ಸು, ಪಕ್ಕದ ಗೋಡೆಗೆ ಕಾಕಾನಿಂದ ಬರಹ, ಎರಡನ್ನೂ ಹೇಳಿದ್ದರು. ಕಾಕಾನನ್ನು ನನ್ನ ಅಂಗಡಿಗೇ ಕರೆದುಕೊಂಡು ಬಂದರು. ಕಾಕಾ ಕಾಗದದ ಮೇಲೆ ಪೆನ್ಸಿಲ್ಲಿನಿಂದ ನಮೂನೆ ಬರೆದು ತಂದಿದ್ದರು. ನನ್ನ ಸ್ಕ್ರೀನಿನ ಮೇಲೆ ಅದೇ ಹೆಸರು ಇತ್ತು. ಮಾಲಕರು ಕಾಗದ ನೋಡಿದರು, ಸ್ಕ್ರೀನು ನೋಡಿದರು, ನಕ್ಕರು.

"ಏನ್ರಿ ಕಾಕಾ, ನೀವೂ ಕಂಪ್ಯೂಟರ್ ನೋಡಿ ಕಾಪಿ ಹೊಡ್ಯಾಕತ್ತೀರೇನ?"

ಅವರ ಮಾತಿನಲ್ಲಿ ಕೆಡುಕಿರಲಿಲ್ಲ. ಚೇಷ್ಟೆ ಅಷ್ಟೇ. ಕಾಕಾ ಎದ್ದು ಸ್ಕ್ರೀನಿನ ಹತ್ತಿರ ಬಂದರು. ಕನ್ನಡಕ ಹಣೆಗೇರಿಸಿ ನೋಡಿದರು, ಇಳಿಸಿ ನೋಡಿದರು. ಅಭ್ಯಾಸಬಲದಿಂದ ಬಾಗಿಲವರೆಗೆ ಹಿಂದೆ ಹಿಂದೆ ಹೋಗಿ ಅಲ್ಲಿಂದಲೂ ನೋಡಿದರು.

"ಬೇಟಿ, ಇವು ಎಲ್ಲಿಂದ ಬಂದೂವು?"

ನನ್ನ ಹೆಸರು ಹೇಳಲು ನಾಚಿಕೆ, ಅವರ ಹೆಸರು ಹೇಳಲು ಗಿರಾಕಿಯ ಮುಂದೆ ಅಂಜಿಕೆ. "ಪುಣೆ ಕಡಿಂದ ಬಂದಾವ್ರಿ ಕಾಕಾ" ಅಂದೆ. ಪುಣೆ ಎಲ್ಲಿಂದ ಬಾಯಿಗೆ ಬಂತೋ ನನಗೆ ಇವತ್ತಿಗೂ ತಿಳಿಯದು. ಆ ಊರನ್ನು ನಾನು ನೋಡಿಯೂ ಇಲ್ಲ.

"ಚಲೋ ಅದಾವ" ಅಂದರು ಕಾಕಾ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡರು. ಮಾಲಕರಿಗೆ, "ಗೋಡಿಗಿ ಬ್ಯಾರೆ ನಮೂನಿ ಬರೀತೀನ್ರಿ" ಎಂದು ಹೇಳಿದರು. ಚಹ ತರಿಸಿದ್ದೆ, ಅರ್ಧ ಬಿಟ್ಟು ಎದ್ದರು.

ತಿಂಗಳಾದ ಮೇಲೆ ಮೂಡಲಗಿಗೆ ಹೋದಾಗ ಆ ಗೋಡೆ ನೋಡಿದೆ. ಬಳುಕುವ ಅಕ್ಷರ, ಕೆಂಪಿಗೆ ಹಳದಿ ನೆರಳು, ತುದಿಗೆ ಬಾಲ, ಬಾಲಕ್ಕೆ ಒಂದು ಹೂವು. ರಸ್ತೆಯ ಆಚೆ ಬದಿಯಿಂದ ಓದಲು ಬರುತ್ತಿರಲಿಲ್ಲ. ನಾನು ಅಲ್ಲಿ ನಿಂತು ಅತ್ತೆ. ಅತ್ತದ್ದನ್ನು ಹೇಳಿಕೊಂಡರೆ ಪಾಪ ಕಡಿಮೆಯಾಗುವುದಿಲ್ಲ, ಆದರೂ ಹೇಳುತ್ತಿದ್ದೇನೆ. ಅತ್ತು ಮುಗಿಸಿ ಅಂಗಡಿಗೆ ಬಂದು ಅದೇ ಫಾಂಟಿನಲ್ಲಿ ಮತ್ತೊಂದು ಫ್ಲೆಕ್ಸು ಮಾಡಿದೆ.

ಕಾಕಾ ದಪ್ಪಕ್ಷರ ಬರೆಯುವುದನ್ನು ಅವತ್ತಿನಿಂದ ಬಿಟ್ಟರು. ಹೂವಿನ ಅಕ್ಷರ ಬರೆಸಲು ಅದರಲ್ಲಿ ಪಳಗಿದ ಪೇಂಟರುಗಳೇ ಬೇರೆ ಇದ್ದರು, ಇವರನ್ನು ಕರೆಯುವವರು ಇಲ್ಲವಾದರು. ಕಣ್ಣಿಗೆ ಮೋತಿಬಿಂದಿನ ಪೊರೆ ಬಂತು. ಗೋಕಾಕಕ್ಕೆ ಬಂದರೂ ನನ್ನ ಅಂಗಡಿಯ ಕಡೆ ಬರಲಿಲ್ಲ. ಸಿಟ್ಟಿನಿಂದ ಬರುತ್ತಿಲ್ಲ ಎಂದು ನಾನು ತಿಳಿದೆ. ನಿಜ ಹೇಳಬೇಕೆಂದರೆ ಅವರು ಬಾರದಿರುವುದೇ ನನಗೆ ಸಮಾಧಾನವಾಗಿತ್ತು. ಹೀಗೆ ನಾಲ್ಕು ವರ್ಷ ಹೋಯಿತು.

ಹೋದ ವರ್ಷ ಧಾರವಾಡದಿಂದ ಚಿತ್ರಕಲೆಯ ಮೇಷ್ಟರೊಬ್ಬರು ಫೋನು ಮಾಡಿದರು. ಕನ್ನಡ ಅಕ್ಷರಗಳ ಬಗ್ಗೆ ಬರೆಯುತ್ತಿದ್ದಾರಂತೆ, ನನ್ನ ಫಾಂಟು ಅವರಿಗೆ ಬಹಳ ಹಿಡಿಸಿದೆಯಂತೆ. "ಇದು ನಿಮಗೆ ಹೇಗೆ ಹೊಳೆಯಿತು?" ಎಂದು ಕೇಳಿದರು. ನಾನು ಹೇಳತೊಡಗಿದೆ. ತಪ್ಪು ಬೀಳದ ಯಂತ್ರ ಕನ್ನಡ ಬರೆದರೆ ಹೇಗಿರುತ್ತದೆ ಎಂದು ಎರಡು ದಿನ ವಿಚಾರ ಮಾಡಿದೆ ಸರ್, ಅದಕ್ಕೆ ಕೈ ನಡುಗುವುದಿಲ್ಲವಲ್ಲ... ಅಷ್ಟರಲ್ಲಿ ನನ್ನ ದನಿ ನನಗೇ ಕೇಳಿಸಿತು. ಅಕ್ಷರವಷ್ಟೇ ಅಲ್ಲ, ಅವರ ಎರಡು ದಿನವನ್ನೂ ಕದಿಯುತ್ತಿದ್ದೆ. ನಾಳೆ ಹೇಳುತ್ತೇನೆ ಎಂದು ಫೋನು ಇಟ್ಟು, ಅಂಗಡಿಗೆ ಬೀಗ ಹಾಕಿ ಹುಕ್ಕೇರಿಯ ಬಸ್ಸು ಹತ್ತಿದೆ.

ಊರಿನ ಹಳೆಯ ಗುಮ್ಮಟದ ಹಿಂದಿನ ಓಣಿಯಲ್ಲಿ ಅವರ ಮನೆ. ಕಾಕಾ ಅಂಗಳದಲ್ಲಿ ಹೊರಸಿನ ಮೇಲೆ ಕೂತಿದ್ದರು. ಕಣ್ಣಿನ ಆಪರೇಶನ್ ಆಗಿ ಹದಿನೈದು ದಿನವಾಗಿತ್ತು, ಕರಿ ಕನ್ನಡಕ ಹಾಕಿದ್ದರು. ನನ್ನ ದನಿ ಗುರುತು ಹಿಡಿದು ಜಾಗ ಬಿಟ್ಟರು. ಕಾಕೂ ನೀರು ಕೊಟ್ಟು ಒಳಗೆ ಹೋದರು. ಮಾತು ಬೆಳೆಸಿದರೆ ಧೈರ್ಯ ಹೋಗುತ್ತದೆಂದು ಕೂತ ಕೂಡಲೇ ಹೇಳಿದೆ.

"ಕಾಕಾ, ಆ ಅಕ್ಷರ ಪುಣೆಯಿಂದ ಬಂದಿದ್ದಿಲ್ರಿ. ನಾ ಸುಳ್ಳ ಹೇಳಿದ್ನಿ. ನಿಮ್ಮ ಬೋರ್ಡಿನ ಫೋಟೋ ಹೊಡದು ನಾನ ಕಂಪ್ಯೂಟರಿಗಿ ಹಾಕೇನ್ರಿ. ನನ್ನ ಹೆಸರ ಹಚ್ಚೇನಿ. ಅವು ನಿಮ್ಮವ ಅದಾವ್ರಿ."

ಬೈಗುಳಕ್ಕೆ ನಾನು ತಲೆ ತಗ್ಗಿಸಿ ತಯಾರಾಗಿದ್ದೆ.

"ಕಂಪನ್ಯಾವ್ರು ಮೊದಲ ಮಾಡಿದ್ದಿಲ್ಲೇನ?"

"ಇಲ್ರಿ."

"ಬ್ಯಾರೆ ಯಾರೂ?"

"ಯಾರೂ ಇಲ್ರಿ ಕಾಕಾ. ನೀವ ಮೊದಲ."

ಅವರು ಒಳಗೆ ಮುಖ ಮಾಡಿ ಕಾಕೂನನ್ನು ಕೂಗಿದರು. "ಇಲ್ಲಿ ಬಾ. ಈಕಿ ಏನ್ ಹೇಳ್ತಾಳ ಕೇಳ. ನನ್ನವ ಅಂತ. ನಾ ಎಲ್ಲೂ ಕದ್ದಿಲ್ಲ ಅಂತ." ಆಮೇಲೆ ನನ್ನ ಕಡೆ ತಿರುಗಿದರು. "ನಾಲ್ಕ ವರ್ಷ ಆತು ಬೇಟಿ. ಎಲ್ಲಿ ನೋಡಿ ಕದ್ದೇನಿ ಅಂತ ವಿಚಾರ ಮಾಡಾಕತ್ತೇನಿ. ಹುಡುಗ ಇದ್ದಾಗ ಕೊಲ್ಹಾಪುರದಾಗ ಕೆಲಸಕ್ಕಿದ್ದೆ, ಅಲ್ಲಿ ಯಾವುದರ ಬೋರ್ಡ್ ನೋಡೇನೇನ? ಕ್ಲಾಸಿನ ಸರ್ ಪುಸ್ತಕ ತೋರ್ಸಿದ್ರೇನ, ನಾ ಮರತೇನೇನ? ಮಂದೀದನ್ನ ನಂದು ಅಂತ ಬರಕೋತ ಬಂದ್ನಲ್ಲಾ ಅಂತ ನಮಾಜಿಗಿ ನಿಂತ್ರೂ ಅದ ನೆನಪ."

"ಗೋಡಿ ನೋಡಕೋತ ಕುಂದರ್ತಿದ್ರವಾ" ಅಂದರು ಕಾಕೂ. "ಕೇಳಿದ್ರ, ನಾ ಕಳ್ಳ ಅದೇನಿ ಅಂತಿದ್ರು."

ನಾನು ಅವರ ಕೆಲಸ ಕಳೆದೆ, ಅಕ್ಷರ ಕಳೆದೆ ಎಂದು ತಿಳಿದು ಕ್ಷಮೆ ಕೇಳಲು ಹೋಗಿದ್ದೆ. ಅದಕ್ಕಿಂತ ದೊಡ್ಡದನ್ನು ಕಳೆದಿದ್ದೆನೆಂದು ಅಲ್ಲಿ ಕೂತಾಗ ತಿಳಿಯಿತು. ಕ್ಷಮೆಯ ಮಾತನ್ನೇನೋ ಆಡಿದೆ. ಅದು ಅವರ ಕಿವಿಗೆ ಬೀಳಲಿಲ್ಲ. ನನ್ನ ಮೇಲೆ ಸಿಟ್ಟಾಗಬೇಕು ಅನ್ನುವುದು ಅವರಿಗೆ ಹೊಳೆಯಲೇ ಇಲ್ಲ. ಮಗಳ ರಿಸಲ್ಟು ಬಂದವರ ಹಾಗೆ ಮುಖ ಅರಳಿತ್ತು. "ಸಕ್ಕರಿ ತಾ" ಅಂದರು ಕಾಕೂಗೆ. ಇಂಥ ಸುದ್ದಿ ತಂದವಳನ್ನು ಬರಿ ಬಾಯಿಂದ ಕಳಿಸಬಾರದಂತೆ.

ಧಾರವಾಡದ ಮೇಷ್ಟರಿಗೆ ಮರುದಿನ ಕಾಕಾನ ಹೆಸರು ಹೇಳಿದೆ, ಫಾಂಟಿನಲ್ಲೂ ತಿದ್ದಿದೆ. ನನ್ನ ಹೆಸರಿನ ಹಳೆಯದು ಊರೂರಿನ ಕಂಪ್ಯೂಟರಿನಲ್ಲಿ ಕೂತುಬಿಟ್ಟಿದೆ, ಅದಕ್ಕೆ ಏನೂ ಮಾಡಲು ಬರುವುದಿಲ್ಲ. ಇಷ್ಟಾದರೂ ಮಾಡಿದೆನಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ಹೋದಾಗಲೆಲ್ಲ ಆ ಅಂಗಳದಲ್ಲಿ ಆಮೇಲೆ ನಡೆದದ್ದು ಅಡ್ಡ ಬರುತ್ತದೆ.

ಕಾಕೂ ಒಂದು ಚಮಚೆ ಸಕ್ಕರೆ ತಂದು ನನ್ನ ಬಾಯಿಗೆ ಹಾಕುತ್ತಿದ್ದಂತೆ ಬಾಜೂ ಮನೆಯ ಹಿರಿಯರೊಬ್ಬರು ಗದ್ದಲ ಕೇಳಿ ಬಂದರು. ಕಾಕಾ ಕೂತಲ್ಲಿಂದಲೇ ಅವರಿಗೆ ಹೇಳಿದರು, "ಬರ್ರಿ, ನಮ್ಮ ಬೇಟಿ ಬಂದಾಳ. ನನ್ನ ಅಕ್ಷರ ಹಾಳಾಗಿ ಹೋಗಬಾರ್ದಂತ ಕಂಪ್ಯೂಟರ್‌ನ್ಯಾಗ ಹಾಕಿ ಉಳಿಸ್ಯಾಳ." ಬಂದವರು ನನ್ನನ್ನು ನೋಡಿ, "ಪುಣ್ಯಾದ ಕೆಲಸ ಮಾಡಿದಿ ನೋಡವಾ. ನೀನ ಮಾಡಿದ್ದೇನ?" ಎಂದು ಕೇಳಿದರು.

ಕಾಕಾ ಕರಿ ಕನ್ನಡಕದ ಹಿಂದಿನಿಂದ ನನ್ನ ಕಡೆಯೇ ಮುಖ ಮಾಡಿ ನಗುತ್ತಿದ್ದರು. ನನ್ನ ಬಾಯಲ್ಲಿ ಸಕ್ಕರೆ ಇತ್ತು. ಹೌದೆಂದು ತಲೆಯಾಡಿಸಿದೆ.